ಎರಡು ಎಕರೆ ಜಾಗ ಇದೆ, ಮಕ್ಕಳ ಆಶ್ರಮ ಕಟ್ಟಬೇಕು ಅಂತಿದ್ದೇವೆ – ತಿಳಿದವರು ಹೇಳಿ

ಹೇಮಾವತಿ ದಂಡೆ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಹಾಸನ ಜಿಲ್ಲೆಯವರು, ಒಂದೇ ಹೈಸ್ಕೂಲಿನಲ್ಲಿ ಓದಿದ ಒಂಬತ್ತು ಜನ. ನಮ್ಮಲ್ಲೊಬ್ಬನ ತಾಯಿ ಹೋದ ವರ್ಷ ತೀರಿಕೊಂಡರು. ಊರ ಹತ್ತಿರದ ಎರಡು ಎಕರೆ ಜಾಗವನ್ನು "ದಿಕ್ಕಿಲ್ಲದ ಮಕ್ಕಳಿಗೆ ಆಗಲಿ" ಅಂತ ಬರೆದಿಟ್ಟು ಹೋಗಿದ್ದಾರೆ. ಎಲ್ಲರೂ ಕೈಲಾದಷ್ಟು ಹಾಕಿ ಹಣ ಕೂಡಿಸಿದ್ದೇವೆ. ಟ್ರಸ್ಟ್ ನೋಂದಣಿ ಆಗಿದೆ. 50 ಮಕ್ಕಳಿಗೆ ಸಾಕಾಗುವ ಕಟ್ಟಡದ ನಕ್ಷೆಯೂ ತಯಾರಾಗಿದೆ: ಮಲಗಲು ಎರಡು ದೊಡ್ಡ ಹಾಲ್, ಅಡುಗೆಮನೆ, ಒಂದು ಪ್ರಾರ್ಥನಾ ಮಂದಿರ. ಅಕ್ಷಯ ತೃತೀಯಕ್ಕೆ ಗುದ್ದಲಿ ಪೂಜೆ ಮಾಡೋಣ ಅಂತ ಮಾತಾಗಿದೆ.

ಕಟ್ಟಡ ಎದ್ದ ಮೇಲೆ ಕೇಳಿ ಪ್ರಯೋಜನವಿಲ್ಲ, ಅದಕ್ಕೇ ಈಗ ಕೇಳುತ್ತಿದ್ದೇನೆ. ಮೂರು ತಿಂಗಳಿಂದ ನಾವು ನಾಲ್ಕೈದು ಆಶ್ರಮ ನೋಡಿ ಬಂದೆವು. ಒಂದು ಕಡೆ ಮಕ್ಕಳು ಓಡಿಬಂದು "ಇವನು ನನ್ನ ಪೆನ್ಸಿಲ್ ಕದ್ದ" ಅಂತ ನಮ್ಮ ಹತ್ತಿರವೇ ದೂರು ಹೇಳಿದವು. ಇನ್ನೊಂದು ಕಡೆ ಸಾಲಾಗಿ ನಿಂತು ಕೈಮುಗಿದು ಒಂದೇ ರಾಗದಲ್ಲಿ "ನಮಸ್ತೇ ಸಾರ್" ಅಂದವು. ಅಲ್ಲಿನ ಒಂದು ಚಿಕ್ಕ ಹುಡುಗಿ, ಯಾರು ನಾವು ಅಂತ ಗೊತ್ತಿಲ್ಲದೆಯೂ, ನನ್ನ ಹೆಂಡತಿಯ ಸೆರಗು ಹಿಡಿದವಳು ಬಿಡಲೇ ಇಲ್ಲ. ಎರಡೂ ಕಡೆ ಊಟ ಬಟ್ಟೆಗೆ ಕೊರತೆ ಇರಲಿಲ್ಲ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಇಂಥ ಕಡೆ ಬೆಳೆದವರು, ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಬಿಚ್ಚಿ ಹೇಳಿ.

ಲೆಕ್ಕದ ಪುಸ್ತಕ · ಭಾನುವಾರ ಮಧ್ಯಾಹ್ನ

ಆ ತಾಯಿಯ ಮನಸ್ಸು ದೊಡ್ಡದು. ಹದಿನಾಲ್ಕು ವರ್ಷದಿಂದ ಮೂರು ಟ್ರಸ್ಟುಗಳ ಲೆಕ್ಕ ನೋಡುತ್ತಿರುವ ನನ್ನದು ಒಂದೇ ಪ್ರಶ್ನೆ: ಕಟ್ಟಡದ ಮರುತಿಂಗಳಿಂದ ಸಂಬಳ ಎಲ್ಲಿಂದ ಕೊಡುತ್ತೀರಿ?

ಅಕ್ಕಿ ಕೊಡುವವರು ಸಿಗುತ್ತಾರೆ. ಹುಟ್ಟುಹಬ್ಬಕ್ಕೆ, ತಿಥಿಗೆ ಊಟ ಹಾಕಿಸುವವರು ಬೇಕಾದಷ್ಟು ಜನ. ಆಗಸ್ಟ್ 15ರಂದು ಒಂದೇ ದಿನ ಮೂರು ಕಡೆಯಿಂದ ಲಾಡು ಬಂದದ್ದನ್ನು ನಾನೇ ದಾಸ್ತಾನು ಪುಸ್ತಕದಲ್ಲಿ ಬರೆದಿದ್ದೇನೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮಾತ್ರ ಶೂಗೂ ದುಡ್ಡಿರುವುದಿಲ್ಲ. ದಾನಿಗಳು ಹೇಳುವುದು ಒಂದೇ ಮಾತು, "ನಮ್ಮ ದುಡ್ಡು ಮಕ್ಕಳಿಗೇ ಸೇರಬೇಕು, ಸಂಬಳಕ್ಕೆ ಹೋಗಬಾರದು." ರಾತ್ರಿ ಜ್ವರ ಬಂದ ಮಗುವಿನ ಪಕ್ಕ ಕೂರುವ ಹೆಂಗಸಿನ ಸಂಬಳ ಮಗುವಿಗೆ ಸೇರಿದ್ದಲ್ಲವೇ? ಆ ಸಂಬಳ ಗಾರ್ಮೆಂಟ್ಸಿನಲ್ಲಿ ಸಿಗುವುದಕ್ಕಿಂತ ಕಡಿಮೆ ಇದ್ದರೆ ಆಕೆ ಆರು ತಿಂಗಳು ನಿಲ್ಲುವುದಿಲ್ಲ. ನಾನು ನೋಡಿದ ಮೂರರಲ್ಲಿ ಚೆನ್ನಾಗಿ ನಡೆಯುವುದು ಒಂದೇ. ಅಲ್ಲಿ ಖರ್ಚಿನ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ, ಅದನ್ನು ಅವರು ವರದಿಯಲ್ಲಿ ಮುಚ್ಚಿಡುವುದೂ ಇಲ್ಲ. ಉಳಿದೆರಡರಲ್ಲಿ ಗ್ರಾನೈಟ್ ನೆಲ ಇದೆ.

ಕನಿಷ್ಠ ಎರಡು ವರ್ಷದ ಸಂಬಳ ಠೇವಣಿ ಇಟ್ಟು ಆಮೇಲೆ ಇಟ್ಟಿಗೆ ತರಿಸಿ.

ಕಡತ ಬಿಟ್ಟವನು · ಭಾನುವಾರ ಸಂಜೆ

ಗುದ್ದಲಿ ಪೂಜೆಗೆ ಮುಂಚೆ ನನ್ನದೂ ಒಂದು ಮಾತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು.

ಮೊದಲು ಕಾನೂನು. ನಿಮ್ಮ ಟ್ರಸ್ಟ್ ನೋಂದಣಿ ಬೇರೆ, ಮಕ್ಕಳ ಪಾಲನಾ ಸಂಸ್ಥೆಯ ನೋಂದಣಿ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಪ್ರಕಾರ ನೋಂದಣಿ ಇಲ್ಲದೆ ಇಂಥ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಬಸ್ ಸ್ಟ್ಯಾಂಡಿನಲ್ಲಿ ಒಂದು ಮಗು ಸಿಕ್ಕಿತು, ಕರಕೊಂಡು ಬಂದು ಸಾಕಿದೆವು ಅನ್ನುವ ಕಾಲ ಇದಲ್ಲ. 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಎಲ್ಲಿ ಇರಬೇಕು ಅನ್ನುವುದು ಸಮಿತಿಯ ತೀರ್ಮಾನ, ನಿಮ್ಮದಲ್ಲ.

ಕಾನೂನಿನ ಭಯ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಅದೇ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ತತ್ವ ಇದೆ: ಮಗುವನ್ನು ಸಂಸ್ಥೆಗೆ ಸೇರಿಸುವುದು ಎಲ್ಲ ದಾರಿ ಮುಗಿದ ಮೇಲಿನ ಕೊನೆಯ ದಾರಿ. ಸೇವೆಗೆ ಸೇರಿದ ಹೊಸದರಲ್ಲಿ ಇದು ನನಗೆ ಬರೀ ಅಕ್ಷರ. ಆಮೇಲೆ ಒಂದೊಂದೇ ಕಡತ ತೆಗೆದು ಓದುತ್ತಾ ಹೋದೆ. "ಅನಾಥ" ಅಂತ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಇದ್ದೇ ಇದ್ದರು. ಗಂಡ ಸತ್ತು ಎಸ್ಟೇಟಿನ ಲೈನ್ ಮನೆ ಬಿಡಬೇಕಾದ ತಾಯಿ. ಗುಳೆ ಹೋಗುವಾಗ ಮಗಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಡಲು ಹೆದರಿದ ತಂದೆ. ಟಿಬಿ ಆದ ಅಜ್ಜಿ. ಇವರ್ಯಾರೂ ಮಗು ಬೇಡ ಅಂದವರಲ್ಲ. ತಿಂಗಳಿಗೆ ಕೆಲವು ಸಾವಿರ ರೂಪಾಯಿ, ಒಂದು ಬಾಡಿಗೆ ಕೋಣೆ, ಸಂಜೆ ನಾಲ್ಕರಿಂದ ಏಳರವರೆಗೆ ಮಗುವನ್ನು ನೋಡಿಕೊಳ್ಳುವ ಒಂದು ಜೀವ ಇದ್ದಿದ್ದರೆ ಆ ಮಗು ಸಂಸ್ಥೆಯ ಬಾಗಿಲಿಗೇ ಬರುತ್ತಿರಲಿಲ್ಲ.

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ಭಾಗ ಇದೆ. ವಿಧವೆಯ ಮಗು, ಅಜ್ಜಿ ಚಿಕ್ಕಪ್ಪನ ಮನೆಯಲ್ಲಿರುವ ಅನಾಥ ಮಗು, ಹೆತ್ತವರಿಗೆ ಜೀವಕ್ಕೆ ಕುತ್ತು ತರುವ ಕಾಯಿಲೆ ಇರುವ ಮಗು, ಇಂಥವರಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಬಾರದು. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಮಗುವನ್ನು ಆಶ್ರಮಕ್ಕೆ ಬಿಡಲು ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ಲೆಕ್ಕ ಹಾಕಿದ್ದೀರಾ?

ಹೇಮಾವತಿ ದಂಡೆ · ಭಾನುವಾರ ರಾತ್ರಿ

ಇಲ್ಲ ಸರ್. ಅದನ್ನು ಯೋಚಿಸಿಯೇ ಇರಲಿಲ್ಲ. ಕಟ್ಟಡದ ಅಳತೆ ಮಾತ್ರ ಹಾಕಿದ್ದೆವು.

ಮೂರನೇ ಮಂಚ · ಸೋಮವಾರ ಬೆಳಗಿನ ಜಾವ

ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆರನೇ ವಯಸ್ಸಿನಿಂದ ಹದಿನೆಂಟರವರೆಗೆ ನಾನು ಇಂಥದೇ ಒಂದು ನಿಲಯದಲ್ಲಿದ್ದೆ. ಯಾವುದು ಅಂತ ಹೇಳುವುದಿಲ್ಲ.

ಅನ್ನ ಹಾಕಿದರು, ಪಿಯುಸಿವರೆಗೆ ಓದಿಸಿದರು. ಅದನ್ನು ಮರೆತರೆ ನಾನು ಮನುಷ್ಯನಲ್ಲ. ಆದರೆ ಹನ್ನೆರಡು ವರ್ಷದಲ್ಲಿ ಎಂಟು ವಾರ್ಡನ್ ನೋಡಿದೆ. ಮೊದಲ ಇಬ್ಬರು ಹೋದಾಗ ಅತ್ತೆ. ಮೂರನೆಯವರಿಂದ ಯಾರನ್ನೂ ಹಚ್ಚಿಕೊಳ್ಳಲಿಲ್ಲ. ಕಾಲೇಜು ಹುಡುಗ ಹುಡುಗಿಯರು ಶನಿವಾರ ಬಂದು ಆಟ ಆಡಿಸುತ್ತಿದ್ದರು, "ಮುಂದಿನ ವಾರ ಬರ್ತೀವಿ ಪುಟ್ಟಾ" ಅನ್ನುತ್ತಿದ್ದರು. ಪರೀಕ್ಷೆ ಬಂದರೆ ಬರುತ್ತಿರಲಿಲ್ಲ. ಅವರ ತಪ್ಪಲ್ಲ. ಆದರೆ ನಾನು ಗೇಟಿನ ಹತ್ತಿರ ಕಾದದ್ದು ನಿಜ. ನಿಮ್ಮ ಮನೆಯವರ ಸೆರಗು ಹಿಡಿದ ಹುಡುಗಿಯ ಬಗ್ಗೆ ಬರೆದಿದ್ದೀರಲ್ಲ, ಅದು ಪ್ರೀತಿಯ ಗುಣ ಅಲ್ಲ ಸರ್. ಯಾರು ನಿಲ್ಲುತ್ತಾರೆ, ಯಾರು ಹೋಗುತ್ತಾರೆ ಅಂತ ಗೊತ್ತಿಲ್ಲದ ಮಗು ಸಿಕ್ಕವರನ್ನೆಲ್ಲ ಹಿಡಿಯುತ್ತದೆ.

ನಿಲಯದಲ್ಲಿ ಬದಲಾಗದೆ ಇದ್ದದ್ದು ಒಬ್ಬರೇ, ಅಡುಗೆಯಮ್ಮ. ನನಗೆ ಜ್ವರ ಬಂದರೆ ಸಾರು ಸೇರುವುದಿಲ್ಲ, ಗಂಜಿಗೆ ಉಪ್ಪು ಕಡಿಮೆ ಇರಬೇಕು ಅಂತ ಅವರಿಗೆ ಗೊತ್ತಿತ್ತು. ನನ್ನ ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಧಾರೆ ಎರೆಸಿಕೊಂಡದ್ದು ಅವರೇ. ಅವರ ಹುದ್ದೆಗೆ "ಆಪ್ತ ಸಮಾಲೋಚಕಿ" ಅಂತ ಹೆಸರಿರಲಿಲ್ಲ.

ಇನ್ನೊಂದು. ನಾನು ನನ್ನ ತಂಗಿ ಒಟ್ಟಿಗೆ ಬಂದವರು. ಹುಡುಗರ ನಿಲಯ ಬೇರೆ, ಹುಡುಗಿಯರದು ಬೇರೆ ಅಂತ ಅವಳನ್ನು ಇನ್ನೊಂದು ಊರಿಗೆ ಕಳಿಸಿದರು. ವರ್ಷಕ್ಕೆ ಎರಡು ಸಲ ಭೇಟಿ. ಈಗ ಅವಳೂ ನಾನೂ ಫೋನಿನಲ್ಲಿ ಮಾತಾಡಿದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಜೊತೆಯಲ್ಲಿ ಜಗಳ ಆಡಿ ಬೆಳೆದಿದ್ದರೆ ಹೀಗಾಗುತ್ತಿರಲಿಲ್ಲ. ಕಟ್ಟುವುದೇ ಆದರೆ ಅಣ್ಣ ತಂಗಿ ಒಟ್ಟಿಗೆ ಇರಲು ದಾರಿ ಇದೆಯಾ ಅಂತ ಮೊದಲು ಕೇಳಿ.

ಮೊನ್ನೆ ನನ್ನ ಮಗಳಿಗೆ ಹಲ್ಲು ಬಿತ್ತು. "ಅಪ್ಪಾ, ನಿಂಗೆ ಮೊದ್ಲು ಯಾವ ಹಲ್ಲು ಬಿದ್ದಿದ್ದು?" ಅಂತ ಕೇಳಿದಳು. ನನಗೆ ಗೊತ್ತಿಲ್ಲ. ಗೊತ್ತಿರುವವರು ಈ ಭೂಮಿ ಮೇಲೆ ಯಾರೂ ಇಲ್ಲ.

ಬೆಳ್ಮಣ್ಣು ಅಕ್ಕ · ಸೋಮವಾರ

ಮೂರನೇ ಮಂಚದ ತಮ್ಮಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಾನು ಕರಾವಳಿಯ ಒಂದು ಮಕ್ಕಳ ಮನೆಯಲ್ಲಿ ಹದಿನೇಳು ವರ್ಷ ಗೃಹಮಾತೆ ಆಗಿದ್ದವಳು. ನಾವು ಪ್ರತಿ ಮಗುವಿಗೂ ಒಂದು ಪುಸ್ತಕ ಇಟ್ಟಿದ್ದೆವು. ಬಂದ ದಿನ ಹಾಕಿದ್ದ ಅಂಗಿಯ ಬಣ್ಣ, ಬಿದ್ದ ಹಲ್ಲು, ಮೊದಲ ಸೈಕಲ್ ಸವಾರಿ, ಹೆಚ್ಚು ಇಷ್ಟದ ಪಲ್ಯ, ಎಲ್ಲ ಬರೆದು. ಕಾನೂನಿನ ಪ್ರಕಾರ ಇರಬೇಕಾದ ಆರೈಕೆ ಯೋಜನೆಯ ಫಾರಂ ಬೇರೆ, ಅದು ಕಪಾಟಿನಲ್ಲಿ. ಈ ಪುಸ್ತಕ ಮಗುವಿನದ್ದು. ಹೋಗುವಾಗ ಕೈಯಲ್ಲಿ ಕೊಟ್ಟು ಕಳಿಸುವುದು. ದೊಡ್ಡ ಖರ್ಚೇನೂ ಇಲ್ಲ ಮಾರಾಯ್ರೆ, ಬರೆಯುವವರು ವರ್ಷಗಟ್ಟಲೆ ಒಬ್ಬರೇ ಇರಬೇಕು, ಅಷ್ಟೇ.

ಹೇಮಾವತಿಯವರೇ, ನಿಮ್ಮ ನಕ್ಷೆಯ ಎರಡು ದೊಡ್ಡ ಹಾಲ್ ನನಗೆ ಸರಿ ಕಾಣಲಿಲ್ಲ. ಇಪ್ಪತ್ತೈದು ಮಕ್ಕಳು ಒಂದೇ ಹಾಲಿನಲ್ಲಿ ಮಲಗಿದರೆ ರಾತ್ರಿ ಯಾರು ಅಳುತ್ತಿದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರಿಯಾದಲ್ಲಿ ಹರ್ಮನ್ ಗ್ಮೈನರ್ ಅನ್ನುವವರು 1949ರಲ್ಲಿ ಎಸ್‌ಒಎಸ್ ಮಕ್ಕಳ ಗ್ರಾಮ ಶುರುಮಾಡಿದ್ದು ಇದೇ ಕಾರಣಕ್ಕೆ: ಸಣ್ಣ ಸಣ್ಣ ಮನೆ, ಮನೆಗೊಬ್ಬ ತಾಯಿ, ಮನೆಗೊಂದು ಒಲೆ, ಒಡಹುಟ್ಟಿದವರು ಒಂದೇ ಸೂರಿನಡಿ. ನಮ್ಮ ದೇಶಕ್ಕೆ 1964ರಲ್ಲಿ ಬಂತು, ಫರಿದಾಬಾದಿನಲ್ಲಿ. ನಮ್ಮದು ಅಷ್ಟು ದೊಡ್ಡ ಸಂಸ್ಥೆಯಲ್ಲ, ಆದರೂ ಎಂಟೆಂಟು ಮಕ್ಕಳಿಗೆ ಒಬ್ಬೊಬ್ಬರು ಅಂತ ಹಂಚಿಕೊಂಡಿದ್ದೆವು.

ಹೊಸತಾಗಿ ಬಂದ ಮಗು ಚಪಾತಿಯನ್ನು ದಿಂಬಿನ ಕೆಳಗೆ ಅಡಗಿಸಿಡುತ್ತದೆ. ಇರುವೆ ಬರುತ್ತದೆ, ವಾಸನೆ ಬರುತ್ತದೆ. ಬೈದರೆ ಇನ್ನೂ ಆಳಕ್ಕೆ ಅಡಗಿಸುತ್ತದೆ. ನಾವು ಕೈಗೆಟುಕುವ ಕಡೆ ಒಂದು ಡಬ್ಬಿಯಲ್ಲಿ ಯಾವಾಗಲೂ ಮಂಡಕ್ಕಿ, ಬಾಳೆಹಣ್ಣು ಇಡುತ್ತಿದ್ದೆವು, ಕೇಳದೆ ತೆಗೆದುಕೊಳ್ಳಬಹುದು ಅಂತ. ಕೆಲವು ಮಕ್ಕಳು ಎರಡು ತಿಂಗಳಿಗೆ ಅಡಗಿಸುವುದು ಬಿಟ್ಟರು. ಒಬ್ಬಳಿಗೆ ಎರಡು ವರ್ಷ ಬೇಕಾಯಿತು. ಹಾಸಿಗೆ ಒದ್ದೆ ಮಾಡುವವರಿಗೂ ಹಾಗೆ. ರಾತ್ರಿ ಎರಡು ಗಂಟೆಗೆ ಮೆಲ್ಲಗೆ ಎಬ್ಬಿಸಿ ಕರೆದುಕೊಂಡು ಹೋಗುವುದು, ಬೆಳಿಗ್ಗೆ ಬೇರೆಯವರು ಏಳುವ ಮೊದಲು ಬೆಡ್‌ಶೀಟ್ ಬದಲಿಸುವುದು. ಎಲ್ಲರ ಮುಂದೆ ಬಿಸಿಲಿಗೆ ಹಾಕಿ ನಾಚಿಕೆಪಡಿಸಿದ ಒಬ್ಬ ಸಹಾಯಕಿಯನ್ನು ನಾನೇ ಹಟ ಹಿಡಿದು ಕೆಲಸದಿಂದ ಬಿಡಿಸಿದೆ. ಆ ಬಗ್ಗೆ ಇವತ್ತಿಗೂ ಬೇಸರವಿಲ್ಲ.

ನಿಮ್ಮ ಹತ್ತಿರ ಓಡಿಬಂದು ಪೆನ್ಸಿಲ್ ದೂರು ಹೇಳಿದ ಮಕ್ಕಳಿರುವ ಮನೆ ಒಳ್ಳೆಯ ಮನೆ. ಜಗಳ ಆಡಲು ಧೈರ್ಯ ಇದೆ ಅಂದರೆ ಅಲ್ಲಿ ಹೊಡೆತದ ಹೆದರಿಕೆ ಇಲ್ಲ ಅಂತ ಅರ್ಥ.

ಜೋಳದ ಹೊಲ · ಸೋಮವಾರ ರಾತ್ರಿ

ನಾನು ಧಾರವಾಡದ ಕಡೆ ಸರಕಾರಿ ಸಾಲಿ ಟೀಚರ್ ಅದೇನ್ರಿ. ಎಲ್ಲಾರೂ ಆಶ್ರಮ ಬ್ಯಾಡ, ಮನೀ ಚಲೋ ಅನ್ನಾಕತ್ತೀರಿ. ಖರೆ, ಆದ್ರ ಎಲ್ಲಾ ಮನೀನೂ ಮನೀ ಅಲ್ರಿ. ನನ್ನ ಕ್ಲಾಸಿನ ಒಂದು ಹುಡುಗಿ ಮಲತಂದಿ ಹೆದರಿಕಿಗೆ ಸಾಲಿ ಬಿಟ್ಟ ಮ್ಯಾಲೂ ಮನಿಗೆ ಹೋಗವಲ್ಲಳು. ನೆಲ ಒರಸ್ತೇನಿ, ಬೋರ್ಡ್ ಒರಸ್ತೇನಿ ಅಂತ ಕುಂದ್ರತಿದ್ಲು. ಒಂದಿನ ಬಾಯಿ ಬಿಟ್ಲು. ನಾನು ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚಿದೆ. ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೂ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ಸುಮ್ಮನಿದ್ರ ನಮಗೂ ಶಿಕ್ಷಾ ಅದ, ಆದ್ರ ನಾನು ಹಚ್ಚಿದ್ದು ಅದಕ್ಕಲ್ಲ. ಆಕಿ ಬಾಲಮಂದಿರಕ್ಕ ಹೋದ್ಲು. ಅಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿ, ಈಗ ನರ್ಸಿಂಗ್ ಓದಾಕತ್ತಾಳ. ಆ ಹುಡುಗಿಗೆ "ಮನಿಗೆ ಹೋಗವಾ" ಅಂತ ಹೇಳಿ ತಿಂಗಳಿಗೆ ನಾಕ್ ಸಾವಿರ ಕೊಟ್ಟಿದ್ರ ಏನಾಗ್ತಿತ್ತು ನೀವs ವಿಚಾರ ಮಾಡ್ರಿ.

ಇನ್ನ ಮಠದ ಹಾಸ್ಟೆಲ್ಲಿಗೂ ಅನಾಥಾಶ್ರಮಕ್ಕೂ ಫರಕ್ ಅದ, ಎರಡೂ ಒಂದs ತಕ್ಕಡ್ಯಾಗ ತೂಗಬ್ಯಾಡ್ರಿ. ನಮ್ಮ ಅಪ್ಪ ವಾರಾನ್ನ ಉಂಡು ಓದಿದವ್ರು, ಸೋಮವಾರ ಒಬ್ಬರ ಮನ್ಯಾಗ, ಮಂಗಳವಾರ ಇನ್ನೊಬ್ಬರ ಮನ್ಯಾಗ. ಆಮ್ಯಾಲೆ ಮಠದ ಪ್ರಸಾದ ನಿಲಯ. ಊರಾಗ ಅವ್ವ ಇದ್ಲು, ಸೂಟಿಗೆ ಹೋಗ್ತಿದ್ರು.

ಕಡತ ಬಿಟ್ಟವನು · ಮಂಗಳವಾರ

ಟೀಚರಮ್ಮ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಮನೆಯೇ ಅಪಾಯವಾದ ಮಗುವಿಗೆ ಬೇರೆ ಸೂರು ಬೇಕೇ ಬೇಕು, ಒಳ್ಳೆಯದೇ ಬೇಕು. ನಾನು ಹೇಳಿದ್ದು ಬಡತನವೊಂದೇ ಕಾರಣಕ್ಕೆ ಬರುವ ಮಕ್ಕಳ ವಿಷಯ.

ಹಾಸ್ಟೆಲ್ ಮಾತೂ ಸರಿ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನಡೆದುಕೊಂಡು ಬಂದಿದೆ. ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅಲ್ಲಿ ಓದಿ ಹೋದವರು ಎಲ್ಲೆಲ್ಲಿಂದ ಬಂದು ನಿಂತಿದ್ದರು ನೆನಪಿದೆಯಲ್ಲ. ಆ ಮಕ್ಕಳಲ್ಲಿ ಬಹುಪಾಲು ರಜೆಗೆ ಊರಿಗೆ ಹೋಗಿ ಬರುವವರು. ಅಪ್ಪ ರಾಗಿ ಚೀಲ ಹೊತ್ತು ನೋಡಲು ಬರುತ್ತಾನೆ. ಮಗುವಿಗೆ ತಾನು ಯಾರ ಮಗ ಅಂತ ಮರೆಯುವುದಿಲ್ಲ. ಹಾಗಾಗಿ "ಅಲ್ಲಿ ಅಷ್ಟು ಮಕ್ಕಳಿದ್ದೂ ಚೆನ್ನಾಗಿ ಬೆಳೆದರು, ನಾವು ಯಾಕೆ ದೊಡ್ಡದು ಕಟ್ಟಬಾರದು" ಅನ್ನುವವರು ಈ ವ್ಯತ್ಯಾಸ ಗಮನಿಸಬೇಕು.

ಎಳೆಯ ಮಿದುಳು · ಮಂಗಳವಾರ

ಮಕ್ಕಳ ಮನಃಶಾಸ್ತ್ರ ಓದುತ್ತಿದ್ದೇನೆ, ಒಂದು ಅಧ್ಯಯನದ ಬಗ್ಗೆ ಹೇಳಲೇಬೇಕು. ರೊಮೇನಿಯಾದಲ್ಲಿ ಚೌಶೆಸ್ಕು ಗರ್ಭಪಾತ ನಿಷೇಧಿಸಿ ಜನಸಂಖ್ಯೆ ಹೆಚ್ಚಿಸಲು ಹೊರಟಿದ್ದ. ಸಾಕಲಾಗದ ಮಕ್ಕಳು ಸರ್ಕಾರಿ ಮಂದಿರಗಳಲ್ಲಿ ತುಂಬಿಹೋದರು. 1989ರಲ್ಲಿ ಅವನು ಬಿದ್ದ ಮೇಲೆ ಲೋಕಕ್ಕೆ ಗೊತ್ತಾಯಿತು. ಅಮೆರಿಕದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು 2000ದ ಸುಮಾರಿಗೆ ಬುಕಾರೆಸ್ಟಿನ ಮಂದಿರಗಳ 136 ಕೂಸುಗಳನ್ನು ಗುರುತಿಸಿ, ಚೀಟಿ ಎತ್ತಿದ ಹಾಗೆ ಅರ್ಧದಷ್ಟನ್ನು ತರಬೇತಿ ಕೊಟ್ಟ ಸಾಕುಕುಟುಂಬಗಳಿಗೆ ಕೊಟ್ಟರು. ವರ್ಷಗಳ ಕಾಲ ಹಿಂಬಾಲಿಸಿ ನೋಡಿದರು. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿಮಟ್ಟ, ಹಚ್ಚಿಕೊಳ್ಳುವ ಗುಣ, ಎಲ್ಲ ಮೇಲೆದ್ದವು. ಸುಮಾರು ಎರಡು ವರ್ಷ ತುಂಬುವ ಮೊದಲೇ ಹೋದವು ಹೆಚ್ಚು ಚೇತರಿಸಿಕೊಂಡವು.

ಮಂದಿರದಲ್ಲಿ ಕೂಸುಗಳಿಗೆ ಹಾಲು ಸಿಗುತ್ತಿತ್ತು. ಅತ್ತಾಗ ಎತ್ತಿಕೊಳ್ಳಲು ಅದೇ ಮುಖ ಮತ್ತೆ ಬರುತ್ತಿರಲಿಲ್ಲ. ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿ, ಮೂರು ವರ್ಷದೊಳಗಿನ ಮಕ್ಕಳಿಗೆ ಕುಟುಂಬದಂಥ ಕಡೆಯಲ್ಲೇ ಆರೈಕೆ ಆಗಬೇಕು ಅನ್ನುತ್ತದೆ. ಆದ್ದರಿಂದ ಕೂಸುಗಳನ್ನು ತೆಗೆದುಕೊಳ್ಳುವ ಆಲೋಚನೆ ಇದ್ದರೆ ಬೇಡವೇ ಬೇಡ. ತ್ಯಜಿಸಿದ ಕೂಸಿಗೆ ದತ್ತು ಕುಟುಂಬ ಬೇಗ ಸಿಗುವುದು ಮುಖ್ಯ. ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳೊಳಗೆ, ದೊಡ್ಡ ಮಗುವನ್ನು ನಾಲ್ಕು ತಿಂಗಳೊಳಗೆ ದತ್ತು ನೀಡಲು ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ.

ಮಸ್ಕತ್ ಕನ್ನಡಿಗ · ಮಂಗಳವಾರ ರಾತ್ರಿ

ಇದನ್ನೆಲ್ಲ ಓದಿ ಮನಸ್ಸು ಕಸಿವಿಸಿ ಆಯಿತು. ಏಳು ವರ್ಷದಿಂದ ಊರಿನ ಒಂದು ಆಶ್ರಮದ ಒಬ್ಬ ಹುಡುಗನಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದೇನೆ. ಅವನ ಫೋಟೊ, ಅವನೇ ಬರೆದ ಪತ್ರ ಬರುತ್ತದೆ, ನಾವು ಮನೆಯವರೆಲ್ಲ ಕೂತು ಓದುತ್ತೇವೆ. ಇಲ್ಲಿನ ಕನ್ನಡ ಬಳಗದ ಗ್ರೂಪಿನಲ್ಲೂ ಹಾಕಿದ್ದೆ, ಇನ್ನೂ ನಾಲ್ಕು ಜನ ಸೇರಲಿ ಅಂತ. ಇದರಲ್ಲಿ ತಪ್ಪಿದೆಯಾ?

ಮೂರನೇ ಮಂಚ · ಬುಧವಾರ

ನಿಮ್ಮ ಮನಸ್ಸಿನಲ್ಲಿ ತಪ್ಪಿಲ್ಲ ಸರ್. ನನಗೂ ಒಬ್ಬ ದಾನಿ ಇದ್ದರು. ತಿಂಗಳ ಕೊನೆಯ ಭಾನುವಾರ ಪತ್ರ ಬರೆಸುತ್ತಿದ್ದರು. ಕರಿಹಲಗೆ ಮೇಲೆ ಮಾದರಿ ಇರುತ್ತಿತ್ತು, ಹೆಸರು ಬದಲಿಸಿ ಬರೆಯಬೇಕು. ಚೆನ್ನಾಗಿ ಬರೆದವನಿಗೆ ದಾನಿಯಿಂದ ಸೈಕಲ್ ಬಂತು. ಪಕ್ಕದ ಮಂಚದವನಿಗೆ ದಾನಿಯೇ ಇರಲಿಲ್ಲ. ಅವನು ಆ ಸೈಕಲ್ಲಿನ ಟ್ಯೂಬಿಗೆ ಮುಳ್ಳು ಚುಚ್ಚಿದ, ಏಟು ತಿಂದ. ಒಬ್ಬನ ಹೆಸರಿಗೆ ಕೊಡದೆ ಇಡೀ ಮನೆಗೆ ಕೊಡಿ. ಪತ್ರ ಬೇಕೆಂದೇ ಕೇಳಬೇಡಿ, ಅವನಿಗೆ ಬರೆಯಬೇಕು ಅನ್ನಿಸಿದರೆ ಬರೆಯಲಿ.

ಆ ಫೋಟೊವನ್ನು ದಯವಿಟ್ಟು ಗ್ರೂಪಿನಿಂದ ತೆಗೆಯಿರಿ. ನನ್ನದೊಂದು ಫೋಟೊ, ಹರಿದ ಅಂಗಿಯದು, ಎಷ್ಟೋ ವರ್ಷ ಕರಪತ್ರದಲ್ಲಿ ಬರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಕಚೇರಿಗೂ ಆ ಕರಪತ್ರ ಬಂತು.

ಕಡತ ಬಿಟ್ಟವನು · ಬುಧವಾರ

ಅದಕ್ಕೆ ಕಾನೂನೂ ಇದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಪಾಲನೆಯಲ್ಲಿರುವ ಮಗುವಿನ ಗುರುತು ಸಿಗುವಂಥ ಫೋಟೊ, ಹೆಸರು, ಶಾಲೆ ಯಾವುದನ್ನೂ ಪ್ರಕಟಿಸಬಾರದು. ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹೇಮಾವತಿಯವರಿಗೆ ಇನ್ನೊಂದು ವಿಷಯ. ಮಕ್ಕಳ ಮಾತು ಹೊರಗೆ ಬರುವ ದಾರಿಯೊಂದು ಇರಲೇಬೇಕು. 2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ಆಶ್ರಯಗೃಹದಲ್ಲಿ ಮಕ್ಕಳ ಮೇಲೆ ಎಂಥ ಲೈಂಗಿಕ ದೌರ್ಜನ್ಯ ನಡೆದಿತ್ತು ಅಂತ ದೇಶವೇ ನೋಡಿತು. ಅದು ಬೆಳಕಿಗೆ ಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಮಾಡಿದ ಸಾಮಾಜಿಕ ಪರಿಶೋಧನೆಯಿಂದ. ಆ ತಂಡ ರಿಜಿಸ್ಟರ್ ನೋಡಿ ಸಹಿ ಹಾಕಿ ಎದ್ದು ಹೋಗಲಿಲ್ಲ. ನಾನೂ ಸೇವೆಯಲ್ಲಿದ್ದಾಗ ಕೆಲವು ತಪಾಸಣೆಗಳಲ್ಲಿ ಕಾಫಿ ಕುಡಿದು ಪುಸ್ತಕಕ್ಕೆ ಸಹಿ ಹಾಕಿ ಬಂದಿದ್ದೇನೆ. ಅದು ಈಗ ಮುಳ್ಳಿನಂತೆ ಚುಚ್ಚುತ್ತದೆ.

2016ರ ಮಾದರಿ ನಿಯಮಗಳಲ್ಲಿ ಸಲಹಾ ಪೆಟ್ಟಿಗೆಯ ಬಗ್ಗೆ ಬರೆದದ್ದನ್ನು ಓದಿದರೆ, ಅದನ್ನು ಬರೆದವರಿಗೆ ಮಕ್ಕಳು ಗೊತ್ತಿತ್ತು ಅನ್ನಿಸುತ್ತದೆ. ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳಿಗೆ ಹತ್ತಿರ ಇರಬೇಕು. ಕೀಲಿ ಸಂಸ್ಥೆಯ ಮೇಲ್ವಿಚಾರಕರ ಹತ್ತಿರ ಇರಬಾರದು, ನಿರ್ವಹಣಾ ಸಮಿತಿಯ ಅಧ್ಯಕ್ಷರ ಹತ್ತಿರ. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರೇ ತೆಗೆಯಬೇಕು. ನಾನು ನೋಡಿದ ಹೆಚ್ಚಿನ ಪೆಟ್ಟಿಗೆಗಳು ಕಚೇರಿಯ ಬಾಗಿಲಲ್ಲೇ ಇದ್ದವು, ಒಳಗೆ ಜೇಡರ ಬಲೆ.

ಬೆಳ್ಮಣ್ಣು ಅಕ್ಕ · ಬುಧವಾರ

ಸಣ್ಣ ಮಕ್ಕಳು ಬರೆಯುವುದಿಲ್ಲ ಸರ್. ನಮ್ಮಲ್ಲಿ ಒಬ್ಬ ಮಗು ಪೆಟ್ಟಿಗೆಗೆ ಒಂದು ಚಿತ್ರ ಹಾಕಿತ್ತು, ಬಚ್ಚಲುಮನೆ ಬಾಗಿಲಿಗೆ ಚಿಲಕವಿಲ್ಲ ಅಂತ. ಮರುದಿನವೇ ಚಿಲಕ ಹಾಕಿಸಿದೆವು. ಆಮೇಲೆ ಪೆಟ್ಟಿಗೆ ತುಂಬತೊಡಗಿತು. ಮೊದಲ ದೂರಿಗೆ ಏನು ಮಾಡುತ್ತೀರಿ ಅನ್ನುವುದನ್ನು ಮಕ್ಕಳೆಲ್ಲ ನೋಡುತ್ತಿರುತ್ತಾರೆ.

ಮೂರನೇ ಮಂಚ · ಬುಧವಾರ ರಾತ್ರಿ

ಒಂದು ವಿಷಯ ಯಾರೂ ಎತ್ತಲಿಲ್ಲ. ಹದಿನೆಂಟು ತುಂಬಿದ ದಿನ ಏನಾಗುತ್ತದೆ?

ನನಗೆ ಒಂದು ಟ್ರಂಕು, ಎರಡು ಜೊತೆ ಬಟ್ಟೆ, ಅಂಕಪಟ್ಟಿ ಕೊಟ್ಟರು. ಬೆಂಗಳೂರಿನಲ್ಲಿ ರೂಮು ಕೇಳಿದರೆ "ಊರು ಯಾವುದು, ತಂದೆ ಏನು ಮಾಡ್ತಾರೆ?" ಜಾತಿ ಪ್ರಮಾಣಪತ್ರ ಇರಲಿಲ್ಲ, ತಂದೆಯ ದಾಖಲೆ ಬೇಕಲ್ಲ. ಗ್ಯಾಸ್ ಕನೆಕ್ಷನ್‌ಗೆ ವಿಳಾಸ ಬೇಕು. ಸಾಂಬಾರು ಮಾಡಲು ಬರುತ್ತಿರಲಿಲ್ಲ, 100 ಜನರ ಅಡುಗೆಮನೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಬ್ಯಾಂಕಿನ ಚಲನ್ ತುಂಬಲು ಗೊತ್ತಿರಲಿಲ್ಲ. ಹಬ್ಬಕ್ಕೆ ಎಲ್ಲಿ ಹೋಗುವುದು ಅಂತ ಗೊತ್ತಾಗದೆ ಎರಡು ದೀಪಾವಳಿ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕೂತಿದ್ದೆ, ಜನ ಊರಿಗೆ ಹೋಗುವುದನ್ನು ನೋಡುತ್ತಾ.

ಈಗ ಕಾಯ್ದೆಯಲ್ಲಿ 21 ವರ್ಷದವರೆಗೆ ಅನುಪಾಲನೆಗೆ, ಅಂದರೆ ಹೊರಗೆ ಹೋದ ಮೇಲೂ ನೆರವು ಕೊಡುವುದಕ್ಕೆ, ಅವಕಾಶ ಇದೆ ಅಂತ ಗೊತ್ತು. ನೀವು ಏನು ಮಾಡಿದರೂ, ಸೇರಿಸಿಕೊಂಡ ದಿನದಿಂದಲೇ ಹೊರಡುವ ದಿನದ ತಯಾರಿ ಮಾಡಿ. ದಾಖಲೆಗಳನ್ನು ಹತ್ತನೇ ವಯಸ್ಸಿಗೇ ಮಾಡಿಸಿ. ಹದಿನಾಲ್ಕು ದಾಟಿದವರಿಗೆ ವಾರಕ್ಕೊಮ್ಮೆ ಒಲೆ ಬಿಟ್ಟುಕೊಡಿ. ಸಂತೆಗೆ ಕಳಿಸಿ, ಚೌಕಾಸಿ ಮಾಡಲಿ, ಮೋಸ ಹೋಗಲಿ. ಹಬ್ಬಕ್ಕೆ ಬರಲು ಒಂದು ಬಾಗಿಲು ತೆರೆದಿರಲಿ.

ಲೆಕ್ಕದ ಪುಸ್ತಕ · ಗುರುವಾರ

ವಾರ್ಷಿಕ ವರದಿಯಲ್ಲಿ ಎಲ್ಲರೂ "ಈ ವರ್ಷ ಇಷ್ಟು ಮಕ್ಕಳಿಗೆ ಆಶ್ರಯ" ಅಂತ ಬರೆಯುತ್ತಾರೆ. ಸಂಖ್ಯೆ ಏರಿದರೆ ಚಪ್ಪಾಳೆ. ಈ ಚರ್ಚೆ ಓದಿದ ಮೇಲೆ ನಾನು ನೋಡುವ ಟ್ರಸ್ಟಿಗೆ ಬೇರೆ ಲೆಕ್ಕ ಕೇಳಬೇಕು ಅನ್ನಿಸಿದೆ. ಎಷ್ಟು ಮಕ್ಕಳು ಮನೆಗೆ ಮರಳಿದರು, ವರ್ಷ ಕಳೆದ ಮೇಲೂ ಅಲ್ಲೇ ಇದ್ದು ಶಾಲೆಗೆ ಹೋಗುತ್ತಿದ್ದಾರಾ? ಎಷ್ಟು ಸಿಬ್ಬಂದಿ ಬಿಟ್ಟು ಹೋದರು? ಹೊರಗೆ ಹೋದವರಲ್ಲಿ ಎಷ್ಟು ಜನ ಈಗಲೂ ಫೋನ್ ಮಾಡುತ್ತಾರೆ? ಆಶ್ರಮ ತುಂಬಿದ್ದರೆ ಮಾತ್ರ ಅನುದಾನ ಅನ್ನುವ ಕಡೆ ಮಗುವನ್ನು ಮನೆಗೆ ಕಳಿಸಲು ಯಾರಿಗೂ ಆತುರ ಇರುವುದಿಲ್ಲ. ಅದನ್ನು ನಾನು ಪಟ್ಟಿಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಹೇಮಾವತಿ ದಂಡೆ · ಮೂರು ವಾರದ ನಂತರ

ತಡವಾಯಿತು, ಕ್ಷಮಿಸಿ. ಒಂಬತ್ತು ಜನವೂ ಈ ಚರ್ಚೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆವು. ಇಬ್ಬರಿಗೆ ಸಿಟ್ಟು ಬಂತು, ನಿಜ ಹೇಳಬೇಕು. "ಅಮ್ಮನ ಹೆಸರಿನ ಕಲ್ಲು ಎಲ್ಲಿ ಹಾಕುವುದು?" ಅಂತ ಜಾಗ ಕೊಟ್ಟ ಗೆಳೆಯನೇ ಕೇಳಿದ. ಆಮೇಲೆ ಅವನೇ ಮೂರನೇ ಮಂಚದವರ ಹಲ್ಲಿನ ಮಾತನ್ನು ಮತ್ತೆ ಓದಿಸಿಕೊಂಡು ಸುಮ್ಮನಾದ.

ಗುದ್ದಲಿ ಪೂಜೆ ಮುಂದೂಡಿದ್ದೇವೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಮಾತಾಡಿದೆವು. ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆಯರನ್ನು ಕೇಳಿಕೊಂಡು ನಾಲ್ಕು ಪಂಚಾಯಿತಿಗಳಲ್ಲಿ ಮನೆ ಮನೆ ಹುಡುಕಿದೆವು. ಮಗುವನ್ನು ಎಲ್ಲಾದರೂ ಬಿಡಬೇಕು ಅಂತ ಯೋಚಿಸುತ್ತಿದ್ದ ಮನೆಗಳೇ ಹನ್ನೊಂದು ಸಿಕ್ಕವು. ಅದರಲ್ಲಿ ಏಳಕ್ಕೆ ಪ್ರಾಯೋಜಕತ್ವದ ಅರ್ಜಿ ತುಂಬಿಸಿದ್ದೇವೆ. ಹಣ ಬರುವವರೆಗಿನ ತಿಂಗಳುಗಳಿಗೆ ಟ್ರಸ್ಟಿನಿಂದ ಕೊಡುವುದು ಅಂತ ತೀರ್ಮಾನ. ಎರಡು ಎಕರೆಯಲ್ಲಿ ಸದ್ಯ ಒಂದು ಹೆಂಚಿನ ಮನೆ ರಿಪೇರಿ ಮಾಡಿಸಿ, ಸಂಜೆ ಹೊತ್ತು ಮಕ್ಕಳು ಇರುವ ಕಡೆ ಮಾಡುತ್ತೇವೆ. ತಾಯಂದಿರು ತೋಟದಿಂದ ಬರುವವರೆಗೆ ಊಟ, ಪಾಠ, ಆಟ. ಅಲ್ಲಿಗೆ ಒಬ್ಬರನ್ನು ನೇಮಿಸಿದ್ದೇವೆ, ಐದು ವರ್ಷದ ಸಂಬಳ ಠೇವಣಿ ಇಟ್ಟು. ಊರಿನವರೇ, ಮೊಮ್ಮಕ್ಕಳನ್ನು ಸಾಕಿದ ಹೆಂಗಸು. ಮನೆಯೇ ಅಪಾಯ ಅನ್ನುವ ಮಕ್ಕಳು ಒಬ್ಬಿಬ್ಬರು ಇದ್ದಾರೆ, ಅವರ ವಿಷಯ ಸಮಿತಿಗೆ ತಿಳಿಸಿದ್ದೇವೆ, ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಈಗೊಂದು ತೊಡಕು. ಒಂದು ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗ ಮಾತ್ರ. ಹುಡುಗನ ಆಧಾರಿನಲ್ಲಿ ತಂದೆಯ ಹೆಸರು ಒಂದು ಥರ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಥರ ಇದೆ. ಬ್ಯಾಂಕಿನಲ್ಲಿ ಖಾತೆ ತೆರೆಯುತ್ತಿಲ್ಲ. ಅಜ್ಜಿ ಮೂರು ಸಲ ನಾಡಕಚೇರಿಗೆ ನಡೆದು ಹೋಗಿ ಬಂದಿದ್ದಾರೆ. ಯಾವುದನ್ನು ಮೊದಲು ಸರಿಮಾಡಿಸಬೇಕು?

ಕಡತ ಬಿಟ್ಟವನು · ಅದೇ ಸಂಜೆ

ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಹೆಸರು ಹೇಗಿದೆ ಅಂತ ಮೊದಲು ನೋಡಿ. ಅದಕ್ಕೂ ಮರಣ ಪ್ರಮಾಣಪತ್ರಕ್ಕೂ ತಾಳೆಯಾದರೆ ಮುಖ್ಯೋಪಾಧ್ಯಾಯರಿಂದ ದೃಢೀಕರಣ ತೆಗೆದುಕೊಂಡು ಆಧಾರ್ ತಿದ್ದಿಸಿ, ತಾಳೆಯಾಗದಿದ್ದರೆ ನನಗೆ ಸಂದೇಶ ಕಳಿಸಿ. ಅಜ್ಜಿಯನ್ನು ಇನ್ನು ನಡೆಸಬೇಡಿ. ಸೋಮವಾರ ನಾನೇ ಹಾಸನಕ್ಕೆ ಬರುವವನಿದ್ದೇನೆ, ಕಾಗದಗಳನ್ನು ಒಂದು ಕವರಿನಲ್ಲಿ ಹಾಕಿಟ್ಟಿರಿ.